ಚೈನ್ ಮುಟ್ಟಿದರೆ ಬ್ರೇಕ್ ನೋಡಿ: ಗ್ಯಾರೇಜಿನ ಕಲಿಕೆ ಮತ್ತು ಪಾಠ ವೀಕ್ಷಣೆ

ನಮ್ಮ ಅಭ್ಯಾಸ ಬೋಧನೆಯ ಶಾಲೆಗಳು ಕಾರವಾರದಿಂದ ಅಂಕೋಲೆಯವರೆಗೆ ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೂ ಹರಡಿಕೊಂಡಿವೆ. ಬೆಳಿಗ್ಗೆ ಚೆಂಡಿಯಾದಲ್ಲಿ ಒಂದು ಪಾಠ, ಮಧ್ಯಾಹ್ನ ಅವರ್ಸಾದಲ್ಲಿ ಇನ್ನೊಂದು ಎಂದಿದ್ದ ದಿನ ಬಸ್ಸನ್ನು ನಂಬಿದರೆ ಎರಡನೆಯದು ಮುಗಿದ ಮೇಲೆ ತಲುಪುತ್ತೇವೆ. ಅದಕ್ಕಾಗಿ ನಾನು ಬಹಳ ವರ್ಷಗಳಿಂದ ಒಂದು ಹೀರೋ ಹೋಂಡಾ ಸ್ಪ್ಲೆಂಡರ್ ಇಟ್ಟುಕೊಂಡಿದ್ದೇನೆ. ವಿಜ್ಞಾನ ಬೋಧನಾ ವಿಧಾನದ ತರಗತಿಯಲ್ಲಿ ಫೋರ್ ಸ್ಟ್ರೋಕ್ ಎಂಜಿನ್ನಿನ ಚಿತ್ರವನ್ನು ಹಲಗೆಯ ಮೇಲೆ ಎಷ್ಟೋ ಸಲ ಬರೆದು ವಿವರಿಸಿದ್ದೇನೆ. ಆದರೆ ನನ್ನದೇ ಗಾಡಿಯ ಪ್ಲಗ್ಗನ್ನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

ಒಂದು ಜುಲೈ ತಿಂಗಳ ಮಳೆಯಲ್ಲಿ ಅವರ್ಸಾದ ಹತ್ತಿರ ಗಾಡಿ ನಿಂತಿತು. ಕಾಲು ನೋಯುವವರೆಗೆ ಕಿಕ್ ಹೊಡೆದೆ. ಆ ದಾರಿಯಲ್ಲಿ ಬಂದ ರಿಕ್ಷಾ ಚಾಲಕರೊಬ್ಬರು ಇಳಿದು, ಪ್ಲಗ್ಗಿನ ರಬ್ಬರ್ ಟೋಪಿಯನ್ನು ಎಳೆದು, ಒಳಗಿದ್ದ ನೀರನ್ನು ಕೊಡವಿ, ತಮ್ಮ ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ ಮತ್ತೆ ಹಾಕಿದರು. ಎರಡನೆಯ ಕಿಕ್ಕಿಗೆ ಗಾಡಿ ಶುರುವಾಯಿತು. ಶಾಲೆಗೆ ತಲುಪುವಾಗ ಪಾಠ ಅರ್ಧ ಮುಗಿದಿತ್ತು. ಆ ವಾರವೇ ಕಾರವಾರದ ಒಂದು ಸಣ್ಣ ಗ್ಯಾರೇಜಿಗೆ ಹೋಗಿ, ಶನಿವಾರ ಸಂಜೆ ಬಂದು ಕೆಲಸ ಕಲಿಯಬಹುದೇ ಎಂದು ಕೇಳಿದೆ.

ಅಲ್ಲಿ ಕಲಿತದ್ದನ್ನು, ಕಲಿಯುವಾಗ ಮಾಡಿದ ಒಂದು ಅಪಾಯದ ತಪ್ಪನ್ನು, ಆ ತಪ್ಪಿನಿಂದ ನನ್ನ ಪಾಠ ವೀಕ್ಷಣೆಯ ಕ್ರಮ ಬದಲಾದ ಬಗೆಯನ್ನು ಈ ಲೇಖನದಲ್ಲಿ ವಿವರಿಸುತ್ತೇನೆ.

ಮೊದಲ ಶನಿವಾರಗಳು

ಗ್ಯಾರೇಜಿನ ಮೇಸ್ತ್ರಿ ನನಗಿಂತ ಹಿರಿಯರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿದ್ದ ಯೆಜ್ಡಿ ಗಾಡಿಗಳಲ್ಲಿ ಕೈ ಪಳಗಿಸಿಕೊಂಡವರು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಯೆಜ್ಡಿ ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು. ಬೆರಕೆ ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತಿತ್ತು. ಹಾಗಾಗಿ ಏನೇ ತೊಂದರೆ ಬಂದರೂ ಮೊದಲು ನೋಡುವುದು, ಆಮೇಲೆ ಬಿಚ್ಚುವುದು ಅವರ ರೂಢಿ. ನಾನು ಹೋದ ಮೊದಲ ದಿನವೇ ಪಾನಾ ಕೈಗೆತ್ತಿಕೊಂಡಾಗ ಅವರು ಹೇಳಿದ್ದು ಇಷ್ಟೇ: “ಮಾಸ್ತರೇ, ಮೊದಲು ನೋಡಿ. ಪಾನಾ ಎಲ್ಲಿಗೂ ಓಡಿಹೋಗೂದಿಲ್ಲ.”

ಮೊದಲ ಮೂರು ಶನಿವಾರ ನನಗೆ ಸಿಕ್ಕಿದ ಕೆಲಸ ತೊಳೆಯುವುದು ಮತ್ತು ಒರೆಸುವುದು. ಇದರಲ್ಲಿ ಕಲಿಯುವುದೇನಿದೆ ಎಂದು ಒಳಗೊಳಗೇ ಬೇಸರವಾಗಿತ್ತು. ಆದರೆ ಒರೆಸುವಾಗಲೇ ಯಾವ ನಟ್ಟು ಎಲ್ಲಿದೆ, ಯಾವ ವಾಯರ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಆಯಿಲ್ ಎಲ್ಲಿ ಜಿನುಗುತ್ತಿದೆ ಎಂಬುದು ಕಣ್ಣಿಗೆ ಬಿತ್ತು. ನಮ್ಮ ಪಾಠ ಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತೇವಲ್ಲ, ಅದನ್ನು ಅವರು ಮೂರು ವಾರ ಕೊಟ್ಟು ಕಟ್ಟಿಸಿದ್ದರು.

ಆಮೇಲೆ ಮೂರು ನಿಯಮಗಳು ಬಂದವು. ಮೊದಲನೆಯದು, ಬಿಚ್ಚಿದ ನಟ್ಟು, ಬೋಲ್ಟು, ವಾಷರ್‌ಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಇಡಬೇಕು. ಜೋಡಿಸುವಾಗ ಕೊನೆಯದರಿಂದ ಹಿಂದಕ್ಕೆ ಬರಬೇಕು. ಎರಡನೆಯದು, ಯಾವುದೇ ಬೋಲ್ಟಿನ ಮೊದಲ ಮೂರು ಸುತ್ತು ಬೆರಳಿನಿಂದಲೇ ತಿರುಗಬೇಕು. ತಿರುಗದಿದ್ದರೆ ಅದು ಓರೆಯಾಗಿ ಕೂತಿದೆ ಎಂದರ್ಥ. ಪಾನಾ ಹಾಕಿ ಬಲವಂತ ಮಾಡಿದರೆ ಥ್ರೆಡ್ ಹೋಗುತ್ತದೆ. ಮೂರನೆಯದು, ಕೈಗೆ ಸಿಕ್ಕಿದ ಪಾನಾದಿಂದ ಕೆಲಸ ಮಾಡಬಾರದು. 14ರ ನಟ್ಟಿಗೆ 15ರ ಪಾನಾ ಹಾಕಿದರೆ ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ, ಆಮೇಲೆ ಯಾವ ಪಾನಾಕ್ಕೂ ಅದು ಸಿಗುವುದಿಲ್ಲ.

ಶುರುವಾಗದ ಗಾಡಿ: ನೋಡುವ ಕ್ರಮ

ಪೆಟ್ರೋಲ್ ಎಂಜಿನ್ ಓಡಲು ಬೇಕಾದವು ಮೂರು. ಗಾಳಿ ಬೆರೆತ ಪೆಟ್ರೋಲು, ಅದನ್ನು ಸಿಲಿಂಡರಿನಲ್ಲಿ ಅದುಮುವ ಒತ್ತಡ, ಸರಿಯಾದ ಹೊತ್ತಿಗೆ ಕಿಡಿ. ನಿಂತ ಗಾಡಿಯಲ್ಲಿ ಈ ಮೂರರಲ್ಲಿ ಯಾವುದು ಇಲ್ಲವೆಂದು ಹುಡುಕಬೇಕು. ಹುಡುಕಾಟ ಸುಲಭದ್ದರಿಂದ ಕಷ್ಟದ್ದಕ್ಕೆ ಹೋಗಬೇಕು. ನನ್ನ ಗಾಡಿಯಂಥ ಕಾರ್ಬೋರೇಟರ್ ಇರುವ ಹಳೆಯ ಗಾಡಿಗಳಿಗೆ ಕ್ರಮ ಹೀಗೆ:

1. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ? ಮುಚ್ಚಳ ತೆಗೆದು ಗಾಡಿಯನ್ನು ಅಲ್ಲಾಡಿಸಿ ನೋಡಬೇಕು.
2. ಪೆಟ್ರೋಲ್ ಕಾಕ್ ತೆರೆದಿದೆಯೇ? ಮಟ್ಟ ಕೆಳಗಿದ್ದರೆ ರಿಸರ್ವ್‌ಗೆ ತಿರುಗಿಸಬೇಕು.
3. ಪ್ಲಗ್ಗಿನ ಟೋಪಿ ಬಿಗಿಯಾಗಿ ಕೂತಿದೆಯೇ, ಒಳಗೆ ನೀರಿದೆಯೇ? ನಮ್ಮ ಮಳೆಗಾಲದಲ್ಲಿ ಇದನ್ನು ಮರೆಯುವಂತಿಲ್ಲ.
4. ಇಷ್ಟಾದರೂ ಶುರುವಾಗದಿದ್ದರೆ ಎಂಜಿನ್ ತಣಿದ ಮೇಲೆ ಪ್ಲಗ್ ಬಿಚ್ಚಿ ತುದಿಯನ್ನು ನೋಡಬೇಕು.

ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಒಳಗೆ ಸರಿಯಾಗಿ ಉರಿಯುತ್ತಿದೆ. ಒಣಗಿದ ಕರಿ ಮಸಿ ಇದ್ದರೆ ಗಾಳಿಗಿಂತ ಪೆಟ್ರೋಲ್ ಹೆಚ್ಚಾಗಿದೆ, ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಹೀಗಾಗುತ್ತದೆ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಬಿಸಿಯಾಗಿದೆ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಆದರೆ ಉರಿದಿಲ್ಲ. ಆಗ ಕಿಡಿಯ ಕಡೆ ನೋಡಬೇಕು. ಮೇಸ್ತ್ರಿ ಇದನ್ನು ಹೇಳಿಕೊಡಲಿಲ್ಲ. ಹಳೆಯ ಪ್ಲಗ್ಗುಗಳ ಒಂದು ಡಬ್ಬಿ ತಂದು ಮುಂದಿಟ್ಟು, ಬಣ್ಣ ನೋಡಿ ಬೇರೆ ಬೇರೆ ಗುಂಪು ಮಾಡಿ ಎಂದರು. ಗುಂಪು ಮಾಡಿದ ಮೇಲೆ ಒಂದೊಂದು ಗುಂಪಿನ ಗಾಡಿಗೆ ಏನಾಗಿತ್ತು ಎಂದು ಹೇಳಿದರು. ಅನುಗಮನ ಪದ್ಧತಿಯ ಇಷ್ಟು ಅಚ್ಚುಕಟ್ಟಾದ ಪಾಠವನ್ನು ನಾನು ತರಗತಿಯಲ್ಲಿ ಕಂಡದ್ದು ಕಡಿಮೆ.

2020ರ ಏಪ್ರಿಲ್‌ನಿಂದ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ಕಾರ್ಬೋರೇಟರಿನ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಅಂಥ ಗಾಡಿಯಲ್ಲಿ ಎಂಜಿನ್ ದೀಪ ಆರದೆ ಉಳಿದರೆ ಹೊಸಬರು ಕೈ ಹಾಕದೆ ತಿಳಿದವರಿಗೆ ತೋರಿಸುವುದೇ ಸರಿ. ಆಯಿಲ್, ಚೈನ್, ಬ್ರೇಕ್, ಟೈರುಗಳ ಆರೈಕೆ ಮಾತ್ರ ಹಳೆಯದಕ್ಕೂ ಹೊಸದಕ್ಕೂ ಹೆಚ್ಚುಕಡಿಮೆ ಒಂದೇ.

ಆಯಿಲ್, ಚೈನ್ ಮತ್ತು ಕಡಲ ಗಾಳಿ

ಆಯಿಲ್ ಮಟ್ಟ ನೋಡಲು ಗಾಡಿಯನ್ನು ಸಮನಾದ ನೆಲದಲ್ಲಿ ಮೇನ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಎಂಜಿನ್ ಸ್ವಲ್ಪ ಓಡಿಸಿ, ಆರಿಸಿ, ಎರಡು ಮೂರು ನಿಮಿಷ ಬಿಟ್ಟು ಕಡ್ಡಿಯನ್ನು ತೆಗೆದು ಒರೆಸಬೇಕು. ನನ್ನ ಗಾಡಿಯಲ್ಲಿ ಕಡ್ಡಿಯನ್ನು ತಿರುಗಿಸಿ ಬಿಗಿ ಮಾಡದೆ ಸುಮ್ಮನೆ ಇಳಿಸಿ ತೆಗೆದು ನೋಡಬೇಕು. ಎರಡು ಗೆರೆಗಳ ನಡುವೆ ಆಯಿಲ್ ಇದ್ದರೆ ಸರಿ. ಆಯಿಲ್ ಬದಲಿಸುವಾಗ ಎಂಜಿನ್ ಉಗುರುಬೆಚ್ಚಗಿದ್ದರೆ ಹಳೆಯ ಆಯಿಲ್ ಪೂರ್ತಿ ಇಳಿಯುತ್ತದೆ. ಕೆಳಗಿನ ಬೋಲ್ಟನ್ನು ಮತ್ತೆ ಹಾಕುವಾಗ ಹೆಚ್ಚು ಬಲ ಬೇಡ. ಎಂಜಿನ್ನಿನ ಮೈ ಅಲ್ಯೂಮಿನಿಯಂ, ಬೋಲ್ಟು ಉಕ್ಕು. ಬಲ ಹೆಚ್ಚಾದರೆ ಸೋಲುವುದು ಅಲ್ಯೂಮಿನಿಯಮ್ಮೇ. ತೆಗೆದ ಆಯಿಲನ್ನು ಗಟಾರಕ್ಕೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಬೇಕು.

ಚೈನಿನ ವಿಷಯ ನಮ್ಮ ಕರಾವಳಿಯಲ್ಲಿ ಇನ್ನಷ್ಟು ಮುಖ್ಯ. ಉಪ್ಪಿನ ಗಾಳಿ, ಮಳೆನೀರು, ರಸ್ತೆಯ ಕೆಸರು ಸೇರಿ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಸುತ್ತವೆ. ಬ್ರಷ್ಷಿನಿಂದ ಸೀಮೆಎಣ್ಣೆ ಹಚ್ಚಿ ಕೊಳೆ ತೆಗೆದು, ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಆಯಿಲ್ ಹಾಕಬೇಕು. ಎಂಜಿನ್ ಓಡುತ್ತಿರುವಾಗ ಈ ಕೆಲಸ ಬೇಡವೇ ಬೇಡ, ತಿರುಗುವ ಚೈನು ಬಟ್ಟೆಯ ಜೊತೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು.

ಚೈನ್ ಸಡಿಲವಾದಾಗ ಬಿಗಿ ಮಾಡುವ ಕೆಲಸ ನೋಡಲು ಸರಳ. ಹಿಂದಿನ ಚಕ್ರದ ಅಚ್ಚಿನ ನಟ್ಟುಗಳನ್ನು ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರ್ ನಟ್ಟುಗಳನ್ನು ಸಮವಾಗಿ ತಿರುಗಿಸಿದರೆ ಚಕ್ರ ಹಿಂದಕ್ಕೆ ಸರಿದು ಚೈನ್ ಬಿಗಿಯಾಗುತ್ತದೆ. ಎರಡೂ ಬದಿಯ ಗುರುತುಗಳು ಒಂದೇ ಮಟ್ಟದಲ್ಲಿ ಇರಬೇಕು, ಇಲ್ಲದಿದ್ದರೆ ಚಕ್ರ ಓರೆಯಾಗುತ್ತದೆ. ಚೈನನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದಾಗ ಎಷ್ಟು ಆಡಬೇಕು ಎಂಬ ಅಳತೆ ಗಾಡಿಯ ಜೊತೆ ಬಂದ ಪುಸ್ತಿಕೆಯಲ್ಲಿ ಇರುತ್ತದೆ.

ಇಲ್ಲಿ ಒಂದು ಸಂಬಂಧವನ್ನು ಗಮನಿಸಬೇಕು. ನನ್ನ ಗಾಡಿಯ ಹಿಂದಿನ ಬ್ರೇಕ್ ಡ್ರಮ್ ಬ್ರೇಕ್. ಪೆಡಲಿನಿಂದ ಡ್ರಮ್ಮಿನ ತೋಳಿಗೆ ಒಂದು ಕಬ್ಬಿಣದ ಸರಳು ಹೋಗುತ್ತದೆ. ಅದರ ತುದಿಯ ನಟ್ಟಿನಿಂದ ಬ್ರೇಕನ್ನು ಬಿಗಿ ಅಥವಾ ಸಡಿಲ ಮಾಡಬಹುದು. ಚೈನಿಗಾಗಿ ಚಕ್ರವನ್ನು ಹಿಂದಕ್ಕೆ ಸರಿಸಿದರೆ ಸರಳು ಎಳೆದುಕೊಂಡು ಬ್ರೇಕ್ ಬಿಗಿಯಾಗುತ್ತದೆ. ಮುಂದಕ್ಕೆ ಸರಿಸಿದರೆ ಬ್ರೇಕ್ ಸಡಿಲವಾಗುತ್ತದೆ. ಬ್ರೇಕಿನ ನಟ್ಟನ್ನು ನಾವು ಮುಟ್ಟದೇ ಇದ್ದರೂ ಬ್ರೇಕ್ ಬದಲಾಗಿರುತ್ತದೆ.

ನಾನು ಮೊದಲ ಸಲ ಚೈನ್ ಬಿಗಿ ಮಾಡಿದ ಸಂಜೆ ಗ್ಯಾರೇಜಿನಲ್ಲಿ ನಾಲ್ಕೈದು ಗಿರಾಕಿಗಳು ಕಾಯುತ್ತಿದ್ದರು. “ಚೈನ್ ಮುಟ್ಟಿದ್ರೆ ಬ್ರೇಕ್ ನೋಡ್ಬೇಕು ಮಾಸ್ತರೇ” ಎನ್ನುತ್ತಾ ಮೇಸ್ತ್ರಿ ತಾವೇ ಬಗ್ಗಿ ಬ್ರೇಕಿನ ನಟ್ಟನ್ನು ಸರಿಮಾಡಿದರು. ನಾನು ಆಗ ಕೈ ಒರೆಸಿಕೊಳ್ಳುತ್ತಿದ್ದೆ. ರಾತ್ರಿ ಮನೆಗೆ ಬಂದು ಆ ಮಾತನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದೆ.

ಬಿಣಗಾದ ಇಳುಕಲಿನಲ್ಲಿ

ನವೆಂಬರಿನಲ್ಲಿ ಚೈನ್ ಮತ್ತೆ ಸಡಿಲವಾಯಿತು. ಈ ಸಲ ಮನೆಯ ಅಂಗಳದಲ್ಲಿ ನಾನೊಬ್ಬನೇ ಕೆಲಸ ಮಾಡಿದೆ. ಹೊಸಬರ ಭಯದಿಂದ ಚೈನನ್ನು ಬೇಕಾದ್ದಕ್ಕಿಂತ ಹೆಚ್ಚು ಬಿಗಿ ಮಾಡಿಬಿಟ್ಟೆ. ಬ್ರೇಕೂ ಬಿಗಿಯಾಗಿ ಚಕ್ರ ತಿರುಗದೆ ನಿಂತಿತು. ಬ್ರೇಕಿನ ನಟ್ಟನ್ನು ಸಡಿಲಿಸಿದೆ, ಚಕ್ರ ತಿರುಗಿತು. ಗೆದ್ದೆ ಎಂದುಕೊಂಡೆ. ಆಮೇಲೆ ಚೈನನ್ನು ಬೆರಳಿನಿಂದ ಆಡಿಸಿ ನೋಡಿದರೆ ಅದು ತಂತಿಯಂತೆ ಬಿಗಿದಿತ್ತು. ಅಳತೆಗೆ ಬರುವವರೆಗೆ ಚಕ್ರವನ್ನು ಮುಂದಕ್ಕೆ ಸರಿಸಿ ಅಚ್ಚಿನ ನಟ್ಟುಗಳನ್ನು ಬಿಗಿ ಮಾಡಿದೆ. ಬ್ರೇಕಿನ ಕಡೆ ಮತ್ತೆ ಹೋಗಲಿಲ್ಲ. ಅದನ್ನು ಆಗಲೇ ‘ಸರಿಮಾಡಿ’ ಆಗಿತ್ತಲ್ಲ.

ಮರುದಿನ ಬೆಳಿಗ್ಗೆ ಅಮದಳ್ಳಿಗೆ ಹೊರಟಾಗ ಬಸ್ ತಪ್ಪಿಸಿಕೊಂಡಿದ್ದ ಪ್ರಶಿಕ್ಷಣಾರ್ಥಿಯೊಬ್ಬರು ಕಂಡರು. ಅಂದು ಅವರದೇ ಪಾಠ. ಚಾರ್ಟುಗಳ ಸುರುಳಿ ಹಿಡಿದುಕೊಂಡು ಹಿಂದೆ ಕುಳಿತರು. ಬಿಣಗಾದ ಇಳುಕಲಿನಲ್ಲಿ ಮುಂದೆ ಒಂದು ಲಾರಿ ನಿಧಾನವಾಯಿತು. ಬ್ರೇಕ್ ಪೆಡಲ್ ಒತ್ತಿದೆ. ಅದು ಪೂರ್ತಿ ಕೆಳಗೆ ಹೋಯಿತು, ಗಾಡಿ ಮಾತ್ರ ಹಾಗೆಯೇ ಜಾರುತ್ತಿತ್ತು.

ಆಕ್ಸಿಲರೇಟರ್ ಬಿಟ್ಟು, ಒಂದೊಂದೇ ಗೇರ್ ಇಳಿಸಿ, ಮುಂದಿನ ಬ್ರೇಕನ್ನು ಮೆಲ್ಲಗೆ ಹಿಡಿದು ರಸ್ತೆಯ ಎಡಕ್ಕೆ ನಿಲ್ಲಿಸಿದೆ. ಲಾರಿಗೂ ನಮಗೂ ನಡುವೆ ಜಾಗ ಉಳಿದಿತ್ತು. ಏನೂ ಆಗಲಿಲ್ಲ. ಕೈ ನಡುಗುವುದು ನಿಂತ ಮೇಲೆ ಸೈಡ್ ಕವರಿನೊಳಗಿನ ಪಾನಾ ತೆಗೆದು ನಟ್ಟನ್ನು ಬಿಗಿ ಮಾಡಿದೆ. ಪೆಡಲನ್ನು ಮತ್ತೆ ಮತ್ತೆ ಒತ್ತಿ, ಚಕ್ರ ತಿರುಗಿಸಿ, ಬ್ರೇಕ್ ಒತ್ತಿದಾಗ ಹಿಂದಿನ ದೀಪ ಹತ್ತುತ್ತದೆಯೇ ಎಂದೂ ನೋಡಿದೆ. ಒಬ್ಬನೇ ಸ್ವಲ್ಪ ದೂರ ಓಡಿಸಿ ಪರೀಕ್ಷಿಸಿ ಬಂದು, ನಡೆದದ್ದನ್ನು ಅವರಿಗೆ ಇದ್ದಂತೆ ಹೇಳಿದೆ. ನನ್ನ ತಪ್ಪಿಗೆ ಅವರ ಜೀವವನ್ನು ಒಡ್ಡಿದ್ದೆ. ಅದನ್ನು ಯಂತ್ರದ ತೊಂದರೆ ಎಂದು ಹೇಳಿ ಜಾರಿಕೊಳ್ಳುವಂತಿರಲಿಲ್ಲ.

ನಿಯಮ ನನ್ನ ಪುಸ್ತಕದಲ್ಲಿತ್ತು, ಗೆರೆಯನ್ನೂ ಎಳೆದಿದ್ದೆ. ಒಂದು ವಿಷಯ ‘ಗೊತ್ತಿರುವುದು’ ಬೇರೆ, ಅದನ್ನು ‘ಮಾಡಲು ಬರುವುದು’ ಬೇರೆ ಎಂದು ತತ್ವಶಾಸ್ತ್ರಜ್ಞ ಗಿಲ್ಬರ್ಟ್ ರೈಲ್ 1949ರಲ್ಲೇ ವಿವರಿಸಿದ್ದನ್ನು ನಾವು ಪ್ರಶಿಕ್ಷಣಾರ್ಥಿಗಳಿಗೆ ಹೇಳುತ್ತಲೇ ಇರುತ್ತೇವೆ. ಚೈನಿನ ಕೆಲಸದ ಉಳಿದೆಲ್ಲ ಹಂತಗಳನ್ನು ನನ್ನ ಕೈ ಮಾಡಿತ್ತು. ಗಡಿಬಿಡಿಯಲ್ಲಿ ಗುರುಗಳೇ ಮಾಡಿಕೊಟ್ಟಿದ್ದ ಆ ಒಂದು ಹಂತ ಮಾತ್ರ ನನ್ನ ಕೈಗೆ ಬಂದಿರಲಿಲ್ಲ.

ವೀಕ್ಷಣಾ ಪುಸ್ತಕದಲ್ಲಿದ್ದ ಅದೇ ತಪ್ಪು

ಆ ದಿನ ಅವರು ಎಂಟನೆಯ ತರಗತಿಗೆ ‘ಘರ್ಷಣೆ’ ಪಾಠ ಮಾಡಿದರು. ಪ್ರಶ್ನೆಗಳು ಚೆನ್ನಾಗಿದ್ದವು, ಮಕ್ಕಳೂ ಉತ್ತರಿಸಿದರು. ಆದರೆ ಗಂಟೆ ಬಾರಿಸುವಾಗ ಪಾಠ ಇನ್ನೂ ನಡುವಿನಲ್ಲಿತ್ತು. ಪುನರಾವರ್ತನೆಯೂ ಇಲ್ಲ, ಮನೆಗೆಲಸವೂ ಇಲ್ಲ. ‘ಸಮಯ ಪಾಲನೆ ಇಲ್ಲ, ಮುಕ್ತಾಯ ಇಲ್ಲ’ ಎಂದು ಬರೆದೆ. ಪಾಠದ ನಂತರದ ಚರ್ಚೆಯಲ್ಲಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಸರ್, ಮೊದಲ ಪಾಠಗಳಲ್ಲಿ ನಾನು ಹೊತ್ತಿಗೆ ಸರಿಯಾಗಿ ಮುಗಿಸ್ತಿದ್ದೆ. ಪ್ರಶ್ನೆ ಸಾಲದು ಅಂತ ನೀವು ಬರೆದ ಮೇಲೆ ಪ್ರಶ್ನೆ ಹೆಚ್ಚು ಮಾಡಿದೆ.”

ಹಿಂದಿನ ಪುಟಗಳನ್ನು ತಿರುವಿದೆ. ಮೊದಲ ವಾರ: ‘ಧ್ವನಿ ಸಣ್ಣದು.’ ಎರಡನೆಯ ವಾರ: ‘ಪ್ರಶ್ನೆಗಳು ಕಡಿಮೆ, ಮಕ್ಕಳ ಭಾಗವಹಿಸುವಿಕೆ ಸಾಲದು.’ ಮೂರನೆಯ ವಾರ: ‘ಮುಕ್ತಾಯ ಇಲ್ಲ.’ ಮೂರು ವಾರ, ಮೂರು ದೋಷ ಎಂದು ನಾನು ಲೆಕ್ಕ ಹಾಕಿದ್ದೆ. ಮೂರನೆಯದು ಅವರ ದೋಷವಾಗಿರಲಿಲ್ಲ. ನನ್ನ ಎರಡನೆಯ ಸಲಹೆಯಿಂದ ಹುಟ್ಟಿದ ಬದಲಾವಣೆ ಅದು. ಪ್ರಶ್ನೆ ಹೆಚ್ಚಾದರೆ ಉತ್ತರಕ್ಕೆ ಹೊತ್ತು ಬೇಕು, ಆಗ ವಿಷಯಾಂಶ ಕಡಿಮೆಯಾಗಬೇಕು. ಇದನ್ನು ನಾನು ಹೇಳಿರಲಿಲ್ಲ. ಚೈನನ್ನು ಬಿಗಿ ಮಾಡಿ ಬ್ರೇಕನ್ನು ನೋಡದೆ ಅವರನ್ನು ರಸ್ತೆಗೆ ಬಿಟ್ಟಿದ್ದೆ.

ನಮ್ಮ ತರಬೇತಿಯ ರಚನೆಯಲ್ಲೇ ಇದಕ್ಕೆ ಸ್ವಲ್ಪ ಕಾರಣವಿದೆ. 1960ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲೆನ್ ಮತ್ತು ಸಂಗಡಿಗರು ರೂಪಿಸಿದ ಸೂಕ್ಷ್ಮ ಬೋಧನೆಯಲ್ಲಿ ಒಂದೊಂದೇ ಕೌಶಲವನ್ನು ಬಿಡಿಯಾಗಿ ತೆಗೆದುಕೊಂಡು ಬೋಧಿಸಿ, ಹಿಮ್ಮಾಹಿತಿ ಪಡೆದು, ಮತ್ತೆ ಯೋಜಿಸಿ, ಮತ್ತೆ ಬೋಧಿಸುತ್ತೇವೆ. ಹೊಸಬರಿಗೆ ಇದು ಬೇಕು. ಎಲ್ಲವನ್ನೂ ಒಟ್ಟಿಗೆ ಹೊರಿಸಿದರೆ ಯಾವುದೂ ಬರುವುದಿಲ್ಲ. ಆದರೆ ಮರುಬೋಧನೆಯಲ್ಲಿ ನಾವು ನೋಡುವುದು ತಿದ್ದಿದ ಕೌಶಲವನ್ನೇ. ಅದರ ಜೊತೆ ಕಟ್ಟಿಕೊಂಡಿರುವ ಇನ್ನೊಂದು ಸಡಿಲವಾಗಿದೆಯೇ ಎಂದು ನೋಡುವುದಿಲ್ಲ. ಕೌಶಲ ಸಂಯೋಜನೆಯ ಪಾಠಗಳು ಇರುವುದು ಇದಕ್ಕಾಗಿಯೇ. ನಾವು ಅವನ್ನು ಅವಸರದಲ್ಲಿ ಮುಗಿಸುತ್ತೇವೆ.

ಈಗ ಅನುಸರಿಸುತ್ತಿರುವ ಕ್ರಮ

ಮೊದಲನೆಯದಾಗಿ, ಒಂದು ಪಾಠಕ್ಕೆ ಒಂದೇ ಮುಖ್ಯ ತಿದ್ದುಪಡಿ ಬರೆಯುತ್ತೇನೆ. ಅದರ ಎದುರಿಗೆ ‘ಇದರಿಂದ ಬದಲಾಗಬಹುದಾದದ್ದು’ ಎಂದು ಇನ್ನೊಂದು ಸಾಲು. ಧ್ವನಿ ಎತ್ತರಿಸಿದರೆ ಮಾತಿನ ವೇಗ ಹೆಚ್ಚಬಹುದು. ಗುಂಪು ಚಟುವಟಿಕೆ ಸೇರಿಸಿದರೆ ಕಪ್ಪುಹಲಗೆಯ ಕೆಲಸ ಬಿಟ್ಟುಹೋಗಬಹುದು. ಬೋಧನೋಪಕರಣ ಹೆಚ್ಚಿದರೆ ಪಠ್ಯಪುಸ್ತಕ ತೆರೆಯದೇ ಉಳಿಯಬಹುದು. ಈ ಎರಡನೆಯ ಸಾಲನ್ನು ಪ್ರಶಿಕ್ಷಣಾರ್ಥಿಯ ಬಾಯಿಂದಲೇ ಹೊರಡಿಸಲು ಯತ್ನಿಸುತ್ತೇನೆ.

ಎರಡನೆಯದಾಗಿ, ತಿದ್ದಿದ ಪಾಠ ತರಗತಿಗೆ ಹೋಗುವ ಮೊದಲು ಐದಾರು ಸಹಪಾಠಿಗಳ ಮುಂದೆ ಹತ್ತು ನಿಮಿಷದ ಒಂದು ಸಣ್ಣ ಓಟ. ರಿಪೇರಿಯಾದ ಗಾಡಿಯನ್ನು ಮೊದಲು ಒಬ್ಬರೇ, ನಿಧಾನವಾಗಿ, ಸಮನಾದ ರಸ್ತೆಯಲ್ಲಿ ಓಡಿಸಿ ನೋಡಬೇಕು. ಹಿಂದೆ ಯಾರನ್ನೂ ಕೂರಿಸಿಕೊಳ್ಳಬಾರದು.

ಮೂರನೆಯದು ನನಗೆ ಎಲ್ಲಕ್ಕಿಂತ ಕಷ್ಟದ್ದು. ಪ್ರಶಿಕ್ಷಣಾರ್ಥಿ ತಡವರಿಸಿದಾಗ ಸೀಮೆಸುಣ್ಣ ಕಸಿದುಕೊಂಡು ನಾನೇ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ. 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳಿಂದ ಪಿರಮಿಡ್ ಕಟ್ಟುವುದನ್ನು ಗಮನಿಸಿ ‘ಸ್ಕ್ಯಾಫೋಲ್ಡಿಂಗ್’ ಎಂಬ ಮಾತನ್ನು ಬಳಸಿದರು. ಕಟ್ಟಡಕ್ಕೆ ಕಟ್ಟುವ ಸಾರುವೆಯಂತೆ, ಮಗುವಿನ ಕೈಗೆ ಮೀರಿದ್ದನ್ನು ಮಾತ್ರ ದೊಡ್ಡವರು ಹಿಡಿದುಕೊಂಡು ಉಳಿದದ್ದನ್ನು ಮಗುವಿಗೇ ಬಿಡಬೇಕು ಎಂಬುದು ಅದರ ತಿರುಳು. ಗಡಿಬಿಡಿಯ ದಿನ ನಾವು ಆ ಗೆರೆ ದಾಟುತ್ತೇವೆ. ದಾಟಲೇಬೇಕಾಗಿ ಬಂದರೆ, ಆ ಹಂತವನ್ನು ಮುಂದಿನ ಭೇಟಿಯಲ್ಲಿ ಅವರ ಕೈಯಿಂದಲೇ ಮಾಡಿಸಬೇಕು ಎಂದು ಗುರುತು ಹಾಕಿಕೊಳ್ಳುತ್ತೇನೆ.

ತರಗತಿ ಯಂತ್ರವಲ್ಲ ಎಂಬುದು ನನಗೆ ಗೊತ್ತಿದೆ. ಗಾಡಿಯ ಪುಸ್ತಿಕೆಯಲ್ಲಿ ಚೈನಿನ ಸಡಿಲಕ್ಕೆ ಮಿಲಿಮೀಟರಿನ ಅಳತೆ ಇದೆ. ಒಂದು ಪಾಠಕ್ಕೆ ಎಷ್ಟು ಪ್ರಶ್ನೆ ಎಂಬುದಕ್ಕೆ ಅಂಥ ಅಳತೆ ಇಲ್ಲ. ತಪ್ಪಾಗಿ ಜೋಡಿಸಿದ ಚಕ್ರವನ್ನು ಮತ್ತೆ ಬಿಚ್ಚಬಹುದು. ಎಂಟನೆಯ ತರಗತಿಯ ಮಕ್ಕಳಿಗೆ ಕೆಟ್ಟುಹೋದ ಆ ನಲವತ್ತು ನಿಮಿಷ ಮತ್ತೆ ಬರುವುದಿಲ್ಲ. ತಿದ್ದಿದ ಮೇಲೆ ಇನ್ನೊಮ್ಮೆ ನೋಡುವ ಅಗತ್ಯ ನಮಗೆ ಗ್ಯಾರೇಜಿಗಿಂತ ಹೆಚ್ಚೇ ಇದೆ.

ಮೇಸ್ತ್ರಿಗೆ ಬಿಣಗಾದ ಕಥೆ ಹೇಳಿದಾಗ ಅವರು ಬೈಯಲಿಲ್ಲ, ನಗಲೂ ಇಲ್ಲ. ಚೈನನ್ನು ಪೂರ್ತಿ ಸಡಿಲಿಸಿ ಪಾನಾ ನನ್ನ ಕೈಗಿಟ್ಟು, ಮೊದಲಿನಿಂದ ಬ್ರೇಕ್ ದೀಪದವರೆಗೆ ಮಾಡಿ ತೋರಿಸಿ ಎಂದರು. ಗಿರಾಕಿಗಳು ಕಾಯುತ್ತಿದ್ದರು. ಅವರು ಹತ್ತಿರ ಬರಲಿಲ್ಲ.

ಆ ಪ್ರಶಿಕ್ಷಣಾರ್ಥಿ ಘರ್ಷಣೆಯ ಪಾಠವನ್ನು ಇನ್ನೊಂದು ಶಾಲೆಯಲ್ಲಿ ಮತ್ತೆ ಮಾಡಿದರು. ಚಾರ್ಟುಗಳನ್ನು ಬಿಟ್ಟು ಗ್ಯಾರೇಜಿನಿಂದ ಸವೆದ ಬ್ರೇಕ್ ಶೂ ಒಂದನ್ನು, ಹೊಸದೊಂದನ್ನು ತಂದು ಮಕ್ಕಳ ಕೈಗೆ ಕೊಟ್ಟರು. ಪ್ರಶ್ನೆಗಳು ಆರು. ಮುಕ್ತಾಯಕ್ಕೆ ಐದು ನಿಮಿಷ ಉಳಿದಿತ್ತು. ಈ ವರ್ಷದ ವೀಕ್ಷಣಾ ಪುಸ್ತಕದಲ್ಲಿ ಆ ಎರಡನೆಯ ಸಾಲಿಗಾಗಿ ಕೈಯಿಂದಲೇ ಗೆರೆ ಎಳೆದು ಒಂದು ಅಂಕಣ ಸೇರಿಸಿಕೊಂಡಿದ್ದೇನೆ. ಸಹೋದ್ಯೋಗಿಗಳು ತಮ್ಮ ಶಾಲೆಗಳಲ್ಲಿ ಇದನ್ನು ಬಳಸಿ ನೋಡಿ, ಎಲ್ಲಿ ಉಪಯೋಗವಾಯಿತು, ಎಲ್ಲಿ ಆಗಲಿಲ್ಲ ಎಂದು ಈ ಪತ್ರಿಕೆಗೇ ಬರೆದರೆ ಎಲ್ಲರಿಗೂ ಅನುಕೂಲವಾದೀತು.